ಸೋಲಾರ್ ಪ್ಯಾನಲ್ಲಿಗೆ ಬೆಳಕೇ ಮೇವು

ಬಯಲು ಸೀಮೆಯಲ್ಲಿ ಒಂದು ಮಾತು ರೂಢಿಗೆ ಬಂದುಬಿಟ್ಟಿದೆ. "ನಿಮಗೇನ್ರೀ, ಬಿಸಿಲು ಕಾಯೋ ಊರು. ಕಾದಷ್ಟೂ ಕರೆಂಟು ಜಾಸ್ತಿ." ಸೋಲಾರ್ ಮಾರಲು ಬಂದವರು ಹೇಳುತ್ತಾರೆ. ಕೊಂಡವರೂ ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಸುಳ್ಳಿನ ಅರ್ಧ ನಂಬಿ ಪ್ಯಾನಲ್ಲುಗಳನ್ನು ತಗಡಿನ ಚಾವಣಿಗೆ ಅಂಟಿಸಿದ ಹಾಗೆ ಕೂರಿಸಿದವರಿದ್ದಾರೆ. ಸುತ್ತ ಗಾಳಿಯಾಡದಂತೆ ಗೋಡೆ ಎಬ್ಬಿಸಿದವರಿದ್ದಾರೆ. ಏಪ್ರಿಲ್ ತಿಂಗಳಲ್ಲಿ ನೀರು ಕಡಿಮೆ ಬಂತು ಅಂತ ಒಳ್ಳೇ ಮೋಟರನ್ನು ಮೇಲೆತ್ತಿಸಿ ದುಡ್ಡು ಕಳೆದುಕೊಂಡವರೂ ಇದ್ದಾರೆ.

2019ರಲ್ಲಿ ಕೇಂದ್ರ ಸರಕಾರದ ಕುಸುಮ್ ಯೋಜನೆ ಬಂದ ಮೇಲೆ ಸೋಲಾರ್ ಪಂಪಿನ ಮಾತು ಹಳ್ಳಿಹಳ್ಳಿಗೂ ಮುಟ್ಟಿದೆ. ಎತ್ತು ಕೊಳ್ಳುವಾಗ ಹಲ್ಲು ಹಿಡಿದು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಲಕ್ಷಗಟ್ಟಲೆ ಬೆಲೆಯ ಈ ಸಾಮಾನಿಗೆ ಮಾತ್ರ ತೋರಿಸಿದ ಕಡೆ ಸಹಿ ಹಾಕಿ ಬರುತ್ತೇವೆ. ಆ ಗಾಜಿನ ಹಲಗೆಯೊಳಗೆ ಬೆಳಕು ಏನು ಕೆಲಸ ಮಾಡುತ್ತದೆ ಅನ್ನೋದು ತಿಳಿದಿದ್ದರೆ ಅದು ಎತ್ತಿನ ಹಲ್ಲು ನೋಡಿದ ಹಾಗೆ. ಏಳನೇ ಕ್ಲಾಸು ಓದಿದವನಿಗೂ ತಿಳಿಯುವ ವಿಷಯವೇ ಇದು.

ದೊಡ್ಡಿ ಮತ್ತು ಬೇಲಿ

ಕಬ್ಬಿಣ, ತಾಮ್ರ, ಮಣ್ಣು, ನೀರು, ಎಲ್ಲವೂ ಪರಮಾಣುಗಳಿಂದ ಆಗಿವೆ. ಪರಮಾಣುವಿನ ನಡುವೆ ಒಂದು ಬೀಜ, ಸುತ್ತ ಎಲೆಕ್ಟ್ರಾನುಗಳು. ಈ ಎಲೆಕ್ಟ್ರಾನುಗಳು ತಂತಿಯಲ್ಲಿ ಒಂದೇ ದಿಕ್ಕಿಗೆ ಸರಿದರೆ ಅದಕ್ಕೇ ಕರೆಂಟು ಅನ್ನುವುದು.

ಲೋಹಗಳಲ್ಲಿ ಹೊರಸುತ್ತಿನ ಎಲೆಕ್ಟ್ರಾನುಗಳು ದೊಡ್ಡಿಯೊಳಗಿನ ದನದ ಹಾಗೆ. ಒಳಗೆ ಎಲ್ಲಿ ಬೇಕಾದರೂ ಅಡ್ಡಾಡುತ್ತವೆ, ಆದರೆ ಬೇಲಿ ದಾಟಿ ಹೊರಗೆ ಬರಲಾರವು. ದಾಟಬೇಕಾದರೆ ಯಾರಾದರೂ ಶಕ್ತಿ ಕೊಡಬೇಕು. ಒಂದೊಂದು ಲೋಹದ ಬೇಲಿಗೆ ಒಂದೊಂದು ಎತ್ತರ.

ಬೆಳಕು ಈ ಬೇಲಿ ದಾಟಿಸುತ್ತದೆ ಎಂಬುದು ಮೊದಲು ಗೊತ್ತಾದದ್ದು ಜರ್ಮನಿಯಲ್ಲಿ. 1887ರಲ್ಲಿ ಹೆನ್ರಿಕ್ ಹರ್ಟ್ಸ್ ಎಂಬ ವಿಜ್ಞಾನಿ ಎರಡು ಲೋಹದ ಗುಂಡುಗಳ ನಡುವೆ ಕಿಡಿ ಹಾರಿಸುವ ಪ್ರಯೋಗ ಮಾಡುತ್ತಿದ್ದ. ಕಿಡಿ ಚೆನ್ನಾಗಿ ಕಾಣಲಿ ಎಂದು ಅದನ್ನು ಕತ್ತಲ ಪೆಟ್ಟಿಗೆಯಲ್ಲಿ ಇಟ್ಟರೆ ಕಿಡಿಯೇ ಗಿಡ್ಡವಾಯಿತು. ಪಕ್ಕದ ಇನ್ನೊಂದು ದೊಡ್ಡ ಕಿಡಿಯ ಬೆಳಕು ಬಿದ್ದಾಗ ಉದ್ದವಾಯಿತು. ನಡುವೆ ಗಾಜು ಹಿಡಿದರೆ ಮತ್ತೆ ಗಿಡ್ಡ. ಬೆಣಚುಕಲ್ಲಿನ ಹರಳು ಹಿಡಿದರೆ ಏನೂ ವ್ಯತ್ಯಾಸವಿಲ್ಲ. ಗಾಜು ತಡೆಯುವ, ಹರಳು ಬಿಡುವ ಬೆಳಕು ಅಂದರೆ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು. ಕೆಲಸ ಮಾಡುತ್ತಿದ್ದದ್ದು ಅದೇ.

ಮರುವರ್ಷ, 1888ರಲ್ಲಿ, ವಿಲ್ಹೆಲ್ಮ್ ಹಾಲ್‌ವಾಕ್ಸ್ ಎಂಬಾತ ಉಜ್ಜಿ ಬೆಳಗಿದ ಸತುವಿನ ತಗಡಿಗೆ ಋಣ ವಿದ್ಯುತ್ತು ತುಂಬಿ ಅದರ ಮೇಲೆ ಅತಿನೇರಳೆ ಬೆಳಕು ಬಿಟ್ಟ. ತುಂಬಿದ ವಿದ್ಯುತ್ತು ಸೋರಿಹೋಯಿತು. ಹೀಗೆ ಸೋರಿಹೋಗುವುದು ಎಲೆಕ್ಟ್ರಾನುಗಳೇ ಅಂತ 1899ರಲ್ಲಿ ಇಂಗ್ಲೆಂಡಿನ ಜೆ. ಜೆ. ಥಾಮ್ಸನ್ ತೋರಿಸಿಕೊಟ್ಟ. ಇದನ್ನೇ ಪುಸ್ತಕದಲ್ಲಿ ದ್ಯುತಿ ವಿದ್ಯುತ್ ಪರಿಣಾಮ ಅಂತಾರೆ. ದ್ಯುತಿ ಅಂದರೆ ಬೆಳಕು.

ಹತ್ತು ಸೋನೆ, ಒಂದು ಹದ ಮಳೆ

ಇಲ್ಲೊಂದು ಒಗಟು ಎದ್ದಿತು. ಬೆಳಕು ಜೋರು ಮಾಡಿದರೆ ಎಲೆಕ್ಟ್ರಾನು ಜೋರಾಗಿ ಹಾರಬೇಕಲ್ಲ? 1902ರಲ್ಲಿ ಫಿಲಿಪ್ ಲೆನಾರ್ಡ್ ಅಳೆದು ನೋಡಿದಾಗ ಹಾಗಾಗಲಿಲ್ಲ. ಬೆಳಕು ಹೆಚ್ಚಿದಂತೆ ಹೊರಬೀಳುವ ಎಲೆಕ್ಟ್ರಾನುಗಳ ಸಂಖ್ಯೆ ಹೆಚ್ಚಿತು, ಒಂದೊಂದರ ವೇಗ ಹೆಚ್ಚಲಿಲ್ಲ. ವೇಗ ಬದಲಾಗಬೇಕಾದರೆ ಬೆಳಕಿನ ಬಣ್ಣ ಬದಲಾಗಬೇಕಿತ್ತು. ಸತುವಿನ ತಗಡಿನ ಮೇಲೆ ಕೆಂಪು ಬೆಳಕನ್ನು ಕುಂಭದ್ರೋಣವಾಗಿ ಸುರಿದರೂ ಒಂದು ಎಲೆಕ್ಟ್ರಾನೂ ಕದಲುವುದಿಲ್ಲ. ಅತಿನೇರಳೆ ಬೆಳಕು ಸ್ವಲ್ಪವೇ ಬಿದ್ದರೂ ಆ ಕ್ಷಣಕ್ಕೇ ಹೊರಬೀಳುತ್ತವೆ.

ಈ ಒಗಟು ಬಿಡಿಸಿದ್ದು ಆಲ್ಬರ್ಟ್ ಐನ್‌ಸ್ಟೈನ್, 1905ರಲ್ಲಿ. ಆಗ ಆತನಿಗೆ 26 ವರ್ಷ, ಸ್ವಿಟ್ಜರ್ಲೆಂಡಿನ ಬರ್ನ್ ಪಟ್ಟಣದ ಪೇಟೆಂಟ್ ಕಚೇರಿಯಲ್ಲಿ ನೌಕರಿ. ಆತ ಹೇಳಿದ್ದು ಇಷ್ಟು: ಬೆಳಕು ತನ್ನ ಶಕ್ತಿಯನ್ನು ಕಾಲುವೆ ನೀರಿನ ಹಾಗೆ ಒಂದೇ ಸಮನೆ ಕೊಡುವುದಿಲ್ಲ, ಕಾಳುಕಾಳಾಗಿ ಕೊಡುತ್ತದೆ. ಒಂದು ಕಾಳಿನ ಶಕ್ತಿ ಎಷ್ಟು ಅನ್ನುವುದು ಬಣ್ಣದ ಮೇಲೆ ನಿಂತಿದೆ. ಕೆಂಪಿನ ಕಾಳು ಸಣ್ಣದು, ನೇರಳೆಯದು ದಪ್ಪ, ಅತಿನೇರಳೆಯದು ಇನ್ನೂ ದಪ್ಪ. ಒಂದು ಕಾಳು ಒಂದು ಎಲೆಕ್ಟ್ರಾನಿಗೆ ಸಿಗುತ್ತದೆ. ಬೇಲಿ ದಾಟುವಷ್ಟು ಅದರಲ್ಲಿದ್ದರೆ ದಾಟಿತು, ಉಳಿದ ಶಕ್ತಿ ಓಟಕ್ಕೆ ಹೋಯಿತು. ಇಲ್ಲದಿದ್ದರೆ ಇಲ್ಲ. ಇನ್ನೊಂದು ಕಾಳು ಬರಲಿ, ಎರಡನ್ನೂ ಸೇರಿಸಿ ದಾಟುತ್ತೇನೆ ಎನ್ನುವ ಹಾಗಿಲ್ಲ. ಬೆಳಕಿನ ಈ ಕಾಳಿಗೆ ಈಗ ಫೋಟಾನು ಎಂದು ಹೆಸರು.

ಮಳೆಯಾಶ್ರಿತ ರೈತರಿಗೆ ಇದು ಹೊಸದೇನಲ್ಲ. ದಿನಕ್ಕೆ 2 ಮಿಲಿಮೀಟರಿನಂತೆ ಹತ್ತು ದಿನ ಸೋನೆ ಹನಿದರೆ ಲೆಕ್ಕದಲ್ಲಿ 20 ಮಿಲಿಮೀಟರ್ ಆಯಿತು. ಬಿತ್ತನೆ ಆಗುತ್ತದೆಯೇ? ಅಂದಂದಿನ ಹನಿ ಅಂದಂದೇ ಆರಿಹೋಗುತ್ತದೆ. ಅದೇ 20 ಮಿಲಿಮೀಟರ್ ಒಂದೇ ಸಂಜೆ ಬಿದ್ದರೆ ಕೂರಿಗೆ ಹೂಡಬಹುದು.

ಐನ್‌ಸ್ಟೈನನ ಮಾತನ್ನು ಬಹಳ ಜನ ನಂಬಲಿಲ್ಲ. ಅಮೆರಿಕದ ರಾಬರ್ಟ್ ಮಿಲಿಕನ್ ಇದು ತಪ್ಪಿರಬೇಕೆಂದೇ ತಿಳಿದು ಸುಮಾರು ಹತ್ತು ವರ್ಷ ಪ್ರಯೋಗ ಮಾಡಿದ. 1916ರಲ್ಲಿ ಪ್ರಕಟಿಸಿದ ಅವನದೇ ಅಳತೆಗಳು ಐನ್‌ಸ್ಟೈನನ ಲೆಕ್ಕವೇ ಸರಿ ಅಂತ ಸಾಕ್ಷಿ ಹೇಳಿದವು. ಐನ್‌ಸ್ಟೈನನಿಗೆ 1921ರ ಸಾಲಿನ ನೊಬೆಲ್ ಪ್ರಶಸ್ತಿ 1922ರಲ್ಲಿ ಬಂದಾಗ ಅದರಲ್ಲಿ ಹೆಸರಿಸಿದ ಕೆಲಸ ಇದೇ.

ಎಲೆಕ್ಟ್ರಾನಿನ ಶಕ್ತಿ ಅಳೆಯಲು ಎಲೆಕ್ಟ್ರಾನ್ ವೋಲ್ಟ್ ಅನ್ನುವ ಮಾಪು ಇದೆ, ನಮ್ಮ ಸೇರು ಪಾವಿನ ಹಾಗೆ. ಕೆಂಪು ಬೆಳಕಿನ ಒಂದು ಕಾಳಿನಲ್ಲಿ ಸುಮಾರು 1.8, ನೇರಳೆಯಲ್ಲಿ ಸುಮಾರು 3.1. ಸತುವಿನ ಬೇಲಿ ದಾಟಲು ಬೇಕಾದ್ದು ಸುಮಾರು 4.3. ಕಣ್ಣಿಗೆ ಕಾಣುವ ಯಾವ ಬಣ್ಣವೂ ಸಾಲದು. ಸಾಕಾಗುವ ಅತಿನೇರಳೆಯನ್ನು ಮೇಲಿನ ಓಝೋನ್ ಪದರವೇ ತಡೆದುಬಿಡುತ್ತದೆ. ಹಾಗಾಗಿ ಸತು ಲೇಪಿಸಿದ ಚಾವಣಿಯ ತಗಡು ಎಷ್ಟು ವರ್ಷ ಬಿಸಿಲಿಗೆ ಕಾದರೂ ಕರೆಂಟು ಕೊಡುವುದಿಲ್ಲ. ಸಣ್ಣ ಕಾಳಿಗೂ ಬಿಡಿಸಿಕೊಳ್ಳುವ ಎಲೆಕ್ಟ್ರಾನು ಇರುವ ವಸ್ತು ಬೇಕಿತ್ತು.

ಮರಳಿನಿಂದ ಬಂದ ಸಿಲಿಕಾನು

ಆ ವಸ್ತು ಸಿಲಿಕಾನು. ಮರಳಿನಲ್ಲಿ, ಬೆಣಚುಕಲ್ಲಿನಲ್ಲಿ ಇರುವುದು ಇದೇ, ಆಮ್ಲಜನಕದ ಜೊತೆ ಸೇರಿಕೊಂಡು. ಬೇರ್ಪಡಿಸಿ ಶುದ್ಧ ಮಾಡಿ ಹಾಳೆಯಂತೆ ತೆಳುವಾಗಿ ಸೀಳಿದರೆ ಪ್ಯಾನಲ್ಲಿನ ಬಿಲ್ಲೆ ಆಗುತ್ತದೆ.

ಸಿಲಿಕಾನಿನ ಹೊರಸುತ್ತಿನಲ್ಲಿ ನಾಲ್ಕು ಎಲೆಕ್ಟ್ರಾನು. ನಾಲ್ಕೂ ಅಕ್ಕಪಕ್ಕದ ಪರಮಾಣುಗಳ ಜೊತೆ ಹೆಣೆದುಕೊಂಡಿರುತ್ತವೆ. ಇವು ದೊಡ್ಡಿಯಲ್ಲಿ ಬಿಟ್ಟ ದನವಲ್ಲ, ಗೂಟಕ್ಕೆ ಕಟ್ಟಿದ ದನ. ಬೆಳಕಿನ ಕಾಳು ಬಂದು ಹಗ್ಗ ಬಿಚ್ಚುತ್ತದೆ. ಬಿಚ್ಚಲು ಬೇಕಾದ್ದು ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಕೆಂಪೂ ಸಾಕು, ಹಸಿರೂ ಸಾಕು, ಕಣ್ಣಿಗೆ ಕಾಣದ ಅವಕೆಂಪಿನಲ್ಲೂ ಒಂದು ಪಾಲು ಸಾಕು. ಇಲ್ಲಿ ಎಲೆಕ್ಟ್ರಾನು ಸಿಲಿಕಾನಿನಿಂದ ಹೊರಗೆ ಹಾರುವುದಿಲ್ಲ. ಒಳಗೇ ಬಿಡುವಾಗಿ ಅಡ್ಡಾಡುತ್ತದೆ. ಅದು ಬಿಟ್ಟು ಬಂದ ಗೂಟ ಖಾಲಿ ಉಳಿಯುತ್ತದೆ.

ಬರೀ ಹಗ್ಗ ಬಿಚ್ಚಿದರೆ ಕರೆಂಟಾಗದು. ಬಿಟ್ಟ ದನ ನಾಲ್ಕು ಹೆಜ್ಜೆ ಹೋಗಿ ಮತ್ತೊಂದು ಖಾಲಿ ಗೂಟಕ್ಕೇ ಬಂದು ನಿಲ್ಲುತ್ತದೆ. ಅದನ್ನು ಒಂದೇ ದಿಕ್ಕಿಗೆ ಹೊಡೆಯಬೇಕು. ಅದಕ್ಕೆ ಬಿಲ್ಲೆಯ ಒಂದು ಮಗ್ಗುಲಿಗೆ ಲವಲೇಶ ರಂಜಕ, ಇನ್ನೊಂದು ಮಗ್ಗುಲಿಗೆ ಲವಲೇಶ ಬೋರಾನು ಬೆರೆಸುತ್ತಾರೆ. ಎರಡೂ ನಮಗೆ ಗೊಬ್ಬರದ ಚೀಲದಿಂದ ಪರಿಚಯವೇ. ರಂಜಕದಲ್ಲಿ ಹೊರಸುತ್ತಿಗೆ ಐದು ಎಲೆಕ್ಟ್ರಾನು, ಬೋರಾನಿನಲ್ಲಿ ಮೂರು. ಒಂದು ಕಡೆ ದನ ಹೆಚ್ಚು, ಇನ್ನೊಂದು ಕಡೆ ಗೂಟ ಹೆಚ್ಚು. ಎರಡೂ ಕೂಡುವ ಗಡಿಯಲ್ಲಿ ಒಂದು ಇಳಿಜಾರು ತಾನಾಗಿಯೇ ನಿಲ್ಲುತ್ತದೆ. ಬಿಚ್ಚಿಕೊಂಡ ಎಲೆಕ್ಟ್ರಾನು ಆ ಇಳಿಜಾರಿನಲ್ಲಿ ರಂಜಕದ ಕಡೆಗೇ ಜಾರುತ್ತದೆ, ವಾಪಸು ಹತ್ತಲಾರದು. ಹೊರಗೆ ತಂತಿ ಜೋಡಿಸಿದರೆ ಆ ದಾರಿ ಹಿಡಿದು ಮೋಟರನ್ನು ತಿರುಗಿಸಿ ಇನ್ನೊಂದು ಮಗ್ಗುಲಿನ ಖಾಲಿ ಗೂಟಕ್ಕೆ ಬಂದು ಸೇರುತ್ತದೆ.

ಈ ಜಾಡಿಗೂ ಹಳೇ ಚರಿತ್ರೆ ಇದೆ. 1839ರಲ್ಲೇ ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್, 19ರ ಹುಡುಗ, ದ್ರಾವಣದಲ್ಲಿ ಅದ್ದಿದ ಲೋಹದ ಪಟ್ಟಿಗಳ ಮೇಲೆ ಬೆಳಕು ಬಿದ್ದರೆ ಕರೆಂಟು ಹರಿಯುವುದನ್ನು ಕಂಡಿದ್ದ. 1883ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಮ್ಮಿನ ಮೇಲೆ ತೆಳ್ಳಗೆ ಚಿನ್ನ ಬಳಿದು ಬಿಲ್ಲೆ ಮಾಡಿದ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟೂ ಕರೆಂಟಾಗಲಿಲ್ಲ. 1954ರ ಏಪ್ರಿಲ್ 25ರಂದು ಅಮೆರಿಕದ ಬೆಲ್ ಪ್ರಯೋಗಾಲಯದ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಸಿಲಿಕಾನಿನ ಬಿಲ್ಲೆಗಳನ್ನು ಜನರ ಮುಂದೆ ಇಟ್ಟರು. ನೂರಕ್ಕೆ 6 ಪಾಲು ಕರೆಂಟಾಯಿತು. ಇವತ್ತಿನ ಒಳ್ಳೆಯ ಪ್ಯಾನಲ್ಲು ನೂರಕ್ಕೆ 20ರಿಂದ 22 ಕೊಡುತ್ತದೆ.

ಮಿಕ್ಕಿದ್ದು ಎಲ್ಲಿ ಹೋಯಿತು? ಸೂರ್ಯನ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಹಗ್ಗ ಬಿಚ್ಚಲಾರದ ಸಣ್ಣ ಕಾಳು, ಅದು ಲೆಕ್ಕಕ್ಕಿಲ್ಲ. ದಪ್ಪ ಕಾಳು ಹಗ್ಗ ಬಿಚ್ಚಿದ ಮೇಲೆ ಉಳಿದ ಶಕ್ತಿ ಬರೀ ಬಿಸಿಯಾಗುತ್ತದೆ. ಇನ್ನಷ್ಟು ಎಲೆಕ್ಟ್ರಾನುಗಳು ದಾರಿಯಲ್ಲೇ ಖಾಲಿ ಗೂಟಕ್ಕೆ ಸಿಕ್ಕಿಬೀಳುತ್ತವೆ.

"ಇಷ್ಟು ವರ್ಷ ಎಲೆಕ್ಟ್ರಾನು ಕೊಟ್ಟೂ ಕೊಟ್ಟೂ ಸಿಲಿಕಾನು ಬರಿದಾಗಲ್ವಾ?" ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಹೋದ ಎಲೆಕ್ಟ್ರಾನು ತಂತಿ ಸುತ್ತಿ ವಾಪಸು ಬರುತ್ತದೆ. ಪ್ಯಾನಲ್ಲು ಹಳತಾಗುವುದು ಮುಖ್ಯವಾಗಿ ಅಂಚಿನಲ್ಲಿ ನೀರು ಇಳಿದು, ಬೆಸುಗೆ ಬಿಟ್ಟು, ಗಾಜು ಮಂಕಾಗಿ. ಹಾಗಾಗಿ ಅಂಚು, ಗಾಜು, ಹಿಂದಿನ ಡಬ್ಬಿ ಇವನ್ನು ನೋಡಿ ಇಳಿಸಿಕೊಳ್ಳಬೇಕು.

ವೋಲ್ಟ್ ತೋರಿಸಿದರೆ ಸಾಲದು

ಈಗ ಮೇಲಿನ ವಿದ್ಯೆ ಹೊಲಕ್ಕೆ ಬರಲಿ. ಒಂದು ಬಿಲ್ಲೆಯ ವೋಲ್ಟು ಅರ್ಧದಿಂದ 0.6ರವರೆಗೆ. ಬಿಲ್ಲೆ ಎಷ್ಟೇ ಅಗಲವಿರಲಿ ಅಷ್ಟೇ. ಸಾಲಾಗಿ 36 ಬಿಲ್ಲೆ ಜೋಡಿಸಿದರೆ ಸುಮಾರು 18 ವೋಲ್ಟು, ಮನೆಯ 12 ವೋಲ್ಟಿನ ಬ್ಯಾಟರಿ ತುಂಬಲು ಸಾಕು. ಬೆಳಕು ಕಡಿಮೆಯಾದರೆ ವೋಲ್ಟು ಅಷ್ಟಾಗಿ ಇಳಿಯುವುದಿಲ್ಲ. ಬಿಚ್ಚಿಕೊಳ್ಳುವ ಎಲೆಕ್ಟ್ರಾನುಗಳ ಸಂಖ್ಯೆ ಇಳಿಯುತ್ತದೆ, ಅಂದರೆ ಆಂಪಿಯರ್ ಇಳಿಯುತ್ತದೆ. ಲೆನಾರ್ಡ್ ಕಂಡ ಜಾಯಮಾನವೇ ಇಲ್ಲೂ ಇದೆ: ಬೆಳಕು ಹೆಚ್ಚಿದರೆ ತಲೆ ಎಣಿಕೆ ಹೆಚ್ಚುತ್ತದೆ.

ಆದ್ದರಿಂದ ಮೀಟರ್ ಹಿಡಿದು "ನೋಡಿ ಯಜಮಾನ್ರೇ, ವೋಲ್ಟ್ ಪೂರ್ತಿ ಇದೆ" ಅಂದರೆ ಅಷ್ಟಕ್ಕೇ ತಲೆಯಾಡಿಸಬೇಡಿ. ಮೋಡದ ಹೊತ್ತಿನಲ್ಲೂ ವೋಲ್ಟು ಹೆಚ್ಚುಕಮ್ಮಿ ಪೂರ್ತಿಯೇ ತೋರಿಸುತ್ತದೆ. ಸುಸ್ತಾದ ಪ್ಯಾನಲ್ಲೂ ತೋರಿಸಬಹುದು. ನಿರ್ಮಲ ಆಕಾಶವಿರುವ ದಿನ, ನಡು ಮಧ್ಯಾಹ್ನ, ಪಂಪು ಓಡುತ್ತಿರುವಾಗ ಡಿಸಿ ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ಅಳೆಯಿಸಿ. ಪ್ಯಾನಲ್ಲಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ವೋಲ್ಟು, ಆಂಪಿಯರ್ ಎರಡೂ ಬರೆದಿರುತ್ತದೆ. ಬರುವ ಆಂಪಿಯರ್ ಅದಕ್ಕಿಂತ ಬಹಳ ಕೆಳಗಿದ್ದರೆ ಕಾರಣ ಕೇಳಿ.

ಬೆಳದಿಂಗಳಲ್ಲಿ ಕರೆಂಟು ಬರುತ್ತದೆಯೇ ಅಂತ ತಮಾಷೆಗೆ ಕೇಳುತ್ತಾರೆ. ಬರುತ್ತದೆ. ಆದರೆ ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು 4 ಲಕ್ಷ ಪಾಲು ಕಡಿಮೆ. ಎಲೆಕ್ಟ್ರಾನೂ ಅಷ್ಟೇ ಕಡಿಮೆ.

ಬಿಸಿ ತಿನ್ನುವ ಒಂದು ಎಚ್‌ಪಿ

ಹಗ್ಗ ಬಿಚ್ಚುವುದು ಬೆಳಕಿನ ಕೆಲಸ. ಬಿಸಿಯಾದ ಸಿಲಿಕಾನಿನಲ್ಲಿ ಬಿಲ್ಲೆಯ ವೋಲ್ಟೇ ಬೀಳುತ್ತದೆ. ಪ್ಯಾನಲ್ಲಿನ ಚೀಟಿಯಲ್ಲಿ ಬರೆದ ವ್ಯಾಟು ಬಿಲ್ಲೆ 25 ಡಿಗ್ರಿ ಇದ್ದಾಗಿನದು. ಅದರ ಮೇಲೆ ಒಂದೊಂದು ಡಿಗ್ರಿಗೂ ನೂರಕ್ಕೆ ಸುಮಾರು 0.4 ಕಡಿಮೆಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಜಿನಡಿಯ ಬಿಲ್ಲೆ 65 ಡಿಗ್ರಿ ಮುಟ್ಟುವುದು ವಿಶೇಷವಲ್ಲ. 40 ಡಿಗ್ರಿ ಹೆಚ್ಚಾಯಿತು, ಅಂದರೆ ನೂರಕ್ಕೆ 16 ಹೋಯಿತು. 5 ಎಚ್‌ಪಿ ಪಂಪಿಗೆ 4,800 ವ್ಯಾಟಿನ ಪ್ಯಾನಲ್ ಹಾಕಿದ್ದರೆ ಅದರಲ್ಲಿ 768 ವ್ಯಾಟು ಮಾಯ. ಒಂದು ಎಚ್‌ಪಿ ಅಂದರೆ 746 ವ್ಯಾಟು. ಲೆಕ್ಕ ನೀವೇ ಹಾಕಿಕೊಳ್ಳಿ.

ಬೇಸಿಗೆಯಲ್ಲಿ ಬೆಳಕೂ ಹೆಚ್ಚು, ಹೊತ್ತೂ ಹೆಚ್ಚು, ಆದ್ದರಿಂದ ಒಟ್ಟು ಕರೆಂಟು ಚೆನ್ನಾಗಿಯೇ ಬರುತ್ತದೆ. ಆದರೆ ಅಷ್ಟೇ ಬೆಳಕು ತಂಪು ಗಾಳಿಯ ದಿನ ಬಿದ್ದರೆ ಇನ್ನೂ ಹೆಚ್ಚು ಬರುತ್ತದೆ. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ, ಸುಮಾರು 13,000 ಎಕರೆಯಲ್ಲಿ, 2019ರ ಕೊನೆಗೆ ಪೂರ್ತಿಯಾದ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ನೋಡಿದವರಿಗೆ ಗೊತ್ತು. ಅಲ್ಲಿ ಪ್ಯಾನಲ್ಲುಗಳನ್ನು ನೆಲಕ್ಕೆ ಮಲಗಿಸಿಲ್ಲ, ಚೌಕಟ್ಟಿನ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ನಾವೂ ಅದನ್ನೇ ಮಾಡಬೇಕು. ಪ್ಯಾನಲ್ಲಿನ ಬೆನ್ನ ಹಿಂದೆ ಗಾಳಿ ಓಡಾಡಬೇಕು. ಚಾವಣಿ ಮೇಲಾದರೂ ಒಂದು ಗೇಣಾದರೂ ಎತ್ತರ ಬಿಡಿಸಿ. ಮುಖ ದಕ್ಷಿಣಕ್ಕಿರಲಿ. ವರ್ಷಪೂರ್ತಿ ಒಂದೇ ಓರೆ ಇಡುವುದಾದರೆ ನಿಮ್ಮ ಊರಿನ ಅಕ್ಷಾಂಶದಷ್ಟು ಇದ್ದರೆ ಸರಿ. ಚಿತ್ರದುರ್ಗ, ತುಮಕೂರು ಕಡೆಗೆ 14 ಡಿಗ್ರಿ ಸುಮಾರು, ಬೀದರದ ಕಡೆಗೆ 18ರ ಸುಮಾರು.

ಒಂದು ಕೊಂಬೆಯ ನೆರಳು

ಪ್ಯಾನಲ್ಲಿನ ಬಿಲ್ಲೆಗಳೆಲ್ಲ ಸಾಲಾಗಿ ಜೋಡಿಸಿದವು. ಒಂದರಿಂದ ಬಂದ ಎಲೆಕ್ಟ್ರಾನು ಮುಂದಿನದರ ಮೂಲಕವೇ ಹೋಗಬೇಕು. ಒಂದು ಬಿಲ್ಲೆಯ ಮೇಲೆ ನೆರಳು ಬಿದ್ದರೆ ಅಲ್ಲಿ ಹಗ್ಗ ಬಿಚ್ಚುವುದು ನಿಂತಿತು, ಇಡೀ ಸಾಲಿಗೆ ಅಲ್ಲಿ ಕಟ್ಟೆ ಬಿದ್ದ ಹಾಗೆ. ಹನಿ ನೀರಾವರಿಯ ಪೈಪನ್ನು ನಡುವೆ ಒಂದು ಕಡೆ ತುಳಿದು ನಿಂತರೆ ಮುಂದೆಲ್ಲ ನೀರು ಕಮ್ಮಿಯಾಗುವುದಿಲ್ಲವೇ? ಹೀಗಾಗದಿರಲಿ ಎಂದು ಪ್ಯಾನಲ್ಲಿನ ಹಿಂದಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಡಯೋಡು ಇಟ್ಟಿರುತ್ತಾರೆ. ಕಟ್ಟೆ ಬಿದ್ದ ಭಾಗವನ್ನು ಬಳಸಿ ಹೋಗುವ ದಾರಿ ಅದು. ಆದರೂ ಅಂಗೈಯಗಲದ ನೆರಳಿಗೆ ಪ್ಯಾನಲ್ಲಿನ ಮೂರನೇ ಒಂದು ಪಾಲು ಹೋಗಬಹುದು. ಡಯೋಡು ಕೆಟ್ಟಿದ್ದರೆ ನೆರಳಿನ ಬಿಲ್ಲೆ ಕಾದು ಸುಟ್ಟು ಕಪ್ಪಾಗುವುದೂ ಉಂಟು.

ಬದುವಿನ ಬೇವಿನ ಮರ, ತೆಂಗಿನ ಗರಿ, ವಿದ್ಯುತ್ ಕಂಬ, ಬಟ್ಟೆ ಒಣಗಿಸುವ ಹಗ್ಗ, ಕೊನೆಗೆ ಹಕ್ಕಿ ಹಿಕ್ಕೆಯೂ ಈ ಲೆಕ್ಕಕ್ಕೆ ಬರುತ್ತವೆ. ಜಾಗ ಗೊತ್ತು ಮಾಡುವ ಮುಂಚೆ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ಅಲ್ಲಿ ನೆರಳು ಬೀಳುತ್ತದೆಯೇ ನೋಡಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದವಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮರ ಕಡಿಯುವ ಬದಲು ಜಾಗ ಬದಲಿಸುವುದು ಒಳ್ಳೆಯದು.

ಧೂಳೂ ತೆಳ್ಳಗಿನ ನೆರಳೇ. ಮಣ್ಣುರಸ್ತೆ ಪಕ್ಕ ಇದ್ದರೆ ವಾರಕ್ಕೊಮ್ಮೆಯಾದರೂ ಒರೆಸಬೇಕು. ಬೆಳಗಿನ ತಂಪಿನಲ್ಲಿ ಮೆತ್ತನೆ ಬಟ್ಟೆಯಲ್ಲಿ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಎರಚಬೇಡಿ, ಸೀಳುವ ಭಯವಿದೆ. ಗಡಸು ಬೋರಿನ ನೀರು ಹಾಗೇ ಒಣಗಲು ಬಿಟ್ಟರೆ ಬಿಳಿ ಉಪ್ಪು ಕೂರುತ್ತದೆ, ತಕ್ಷಣ ಒರೆಸಿಬಿಡಿ.

ಹಗಲಿನಲ್ಲಿ ಆಫ್ ಆಗದ ಕರೆಂಟು

ಎಲ್ಲಕ್ಕಿಂತ ಮುಖ್ಯದ ಮಾತು ಇದು. ಲೈನಿನ ಕರೆಂಟಿಗೆ ಫ್ಯೂಸು ತೆಗೆದರೆ ಮುಗಿಯಿತು. ಪ್ಯಾನಲ್ಲಿಗೆ ಆ ಮಾತಿಲ್ಲ. ಬೆಳಕು ಬೀಳುತ್ತಿರುವ ತನಕ ಒಳಗೆ ಎಲೆಕ್ಟ್ರಾನು ಬಿಚ್ಚಿಕೊಳ್ಳುತ್ತಲೇ ಇರುತ್ತದೆ. ಸ್ವಿಚ್ ಆಫ್ ಮಾಡಿದರೂ ಪ್ಯಾನಲ್ಲಿನಿಂದ ಸ್ವಿಚ್ಚಿನವರೆಗಿನ ತಂತಿ ಜೀವಂತವೇ. ಪಂಪಿನ ಪ್ಯಾನಲ್ಲುಗಳನ್ನು ಸಾಲಾಗಿ ಕಟ್ಟಿದಾಗ 300, 400 ವೋಲ್ಟು ದಾಟುತ್ತದೆ. ಅದೂ ಡಿಸಿ. ಬಿಗಿ ಇಲ್ಲದ ಕೀಲಿನಲ್ಲಿ ಕಿಡಿ ಹುಟ್ಟಿದರೆ ಬೇಗ ನಂದುವುದಿಲ್ಲ, ಬೆಂಕಿಯಾಗುತ್ತದೆ.

ಆದ್ದರಿಂದ ಇಲಿ ಕಡಿದ ತಂತಿಯನ್ನು ಹಗಲಿನಲ್ಲಿ ಕೈಯಿಂದ ಮುಟ್ಟಿ ಸುತ್ತಲು ಹೋಗಬೇಡಿ. ಪಂಪು ಓಡುವಾಗ ಪ್ಯಾನಲ್ಲಿನ ಕೀಲು ಎಳೆದು ಬಿಚ್ಚಬೇಡಿ. ರಿಪೇರಿ ಬಲ್ಲವರನ್ನೇ ಕರೆಸಿ. ಪ್ಯಾನಲ್ಲಿಗೆ ದಪ್ಪ ಕರಿ ಟಾರ್ಪಾಲು ಪೂರ್ತಿ ಹೊದಿಸಿ ಕೆಲಸ ಮಾಡಲು ಹೇಳಿ. ಆಮೇಲೂ ಮೀಟರ್ ಹಿಡಿದು ನೋಡಿಯೇ ಕೈ ಹಾಕಲಿ. ಚೌಕಟ್ಟಿಗೆ ಅರ್ಥಿಂಗ್ ಇರಲೇಬೇಕು. ಮಕ್ಕಳು, ಆಡು ಕುರಿ ಹತ್ತದ ಹಾಗೆ ಬೇಲಿಯೂ ಬೇಕು.

ಬಿಲ್ಲಿಲ್ಲದ ನೀರಿನ ಲೆಕ್ಕ

ಕೊನೆಗೊಂದು ಮಾತು ಬೋರಿನ ಬಗ್ಗೆ. ಆಕಾಶ ನಿರ್ಮಲವಾಗಿದ್ದ ದಿನ ಪ್ಯಾನಲ್ಲು ಹೆಚ್ಚು ದುಡಿಯುತ್ತದೆ. ಅಂಥ ದಿನಗಳೇ ಮಳೆಯಿಲ್ಲದ ದಿನಗಳು. ನೆಲದೊಳಗೆ ನೀರು ಇಳಿಯದ ಕಾಲದಲ್ಲೇ ಪಂಪು ಬೆಳಿಗ್ಗೆಯಿಂದ ಸಂಜೆವರೆಗೆ ಎಳೆಯುತ್ತದೆ. ಕರೆಂಟು ಹೋಯಿತು ಎಂಬ ಬಿಡುವೂ ಇಲ್ಲ, ಬಿಲ್ಲಿನ ಹೆದರಿಕೆಯೂ ಇಲ್ಲ. ಬೆಳಕಿಗೆ ಕಾಸಿಲ್ಲ, ನೀರಿಗೆ ಮಿತಿ ಇದೆ. ಬೋರು ಬತ್ತಿದರೆ ಒಣ ಪಂಪು ಸುಟ್ಟುಹೋಗದಂತೆ ನಿಲ್ಲಿಸುವ ವ್ಯವಸ್ಥೆ ಕಂಟ್ರೋಲರಿನಲ್ಲಿ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ. ಮಧ್ಯಾಹ್ನದ ಹೆಚ್ಚಿನ ನೀರನ್ನು ತೊಟ್ಟಿಯಲ್ಲೋ ಕೃಷಿ ಹೊಂಡದಲ್ಲೋ ಹಿಡಿದಿಟ್ಟು ಸಂಜೆ ಹನಿ ನೀರಾವರಿಗೆ ಬಿಡಬಹುದು, ಬ್ಯಾಟರಿ ಖರ್ಚು ಉಳಿಯುತ್ತದೆ.

ಪಂಪು ಹಾಕಿಸಿದ ಮೊದಲ ತಿಂಗಳು ಒಂದು ನೋಟುಬುಕ್ಕಿನಲ್ಲಿ ತಾರೀಖು, ಆಕಾಶ ಹೇಗಿತ್ತು, ಮಧ್ಯಾಹ್ನ 12ಕ್ಕೆ ಎಷ್ಟು ಆಂಪಿಯರ್ ತೋರಿಸಿತು, ತೊಟ್ಟಿ ತುಂಬಲು ಎಷ್ಟು ಹೊತ್ತು ಹಿಡಿಯಿತು, ಇಷ್ಟು ಬರೆದಿಡಿ. ಹೆಚ್ಚಿನ ಕಂಟ್ರೋಲರುಗಳಲ್ಲಿ ಆಂಪಿಯರ್ ಪರದೆಯ ಮೇಲೇ ಕಾಣುತ್ತದೆ. ಎರಡು ವರ್ಷ ಬಿಟ್ಟು ಅದೇ ತಿಂಗಳು, ಅಂಥದೇ ನಿರ್ಮಲ ಆಕಾಶವಿದ್ದ ದಿನ ಮತ್ತೆ ನೋಡಿ. ಆಂಪಿಯರ್ ಮೊದಲಿನಷ್ಟೇ ಇದ್ದು ನೀರು ಕಡಿಮೆ ಬಂದರೆ ಬೋರನ್ನೋ ಪಂಪನ್ನೋ ನೋಡಿಸಬೇಕು. ಆಂಪಿಯರೇ ಇಳಿದಿದ್ದರೆ ಮೊದಲು ಧೂಳು, ನೆರಳು, ಕೀಲು ನೋಡಿ. ಗ್ಯಾರಂಟಿ ಕೇಳಲು ಹೋದಾಗಲೂ ಈ ಪುಸ್ತಕವನ್ನು ಮುಂದಿಟ್ಟು ಮಾತಾಡಬಹುದು.